ಹುಳದ ಮನೆ ಮುಂದಿನ ಟೇಬಲ್ ರೋಸು

ಆಗ ನಮ್ಮ ಕಡೆ ನೆಂಟರು ಮನೆಗೆ ಬಂದರೆ ಬಾಗಿಲಲ್ಲೇ ಕೇಳುತ್ತಿದ್ದ ಮೊದಲ ಮಾತು ‘ಎಲ್ರೂ ಚೆನ್ನಾಗಿದ್ದೀರಾ’ ಅಂತ ಅಲ್ಲ, ‘ಉಳ ಎಷ್ಟನೇ ಜ್ವರ’ ಅಂತ. ನಿಡಘಟ್ಟದ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ಬಂದರೆ ಸಿಗುವ ನಮ್ಮ ಊರಿನಲ್ಲಿ ರೇಷ್ಮೆ ಹುಳ ಸಾಕದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೇ ನಾವು ಜ್ವರ ಅನ್ನುತ್ತಿದ್ದುದು. ಹುಳಕ್ಕೆ ಜ್ವರ ಬಂದರೆ ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದೆವು. ಮಕ್ಕಳಿಗೆ ಜ್ವರ ಬಂದರೆ ಅಷ್ಟು ಮೆತ್ತಗೆ ಯಾರೂ ಮಾತಾಡುತ್ತಿರಲಿಲ್ಲ.

ನಮ್ಮ ಹುಳದ ಮನೆ ವಾಸದ ಮನೆಗೆ ಎದುರಾಗಿ ಅಂಗಳದ ಆಚೆ ಇತ್ತು. ಒಳಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸುಣ್ಣದ ವಾಸನೆ, ಹುಳದ ಹಿಕ್ಕೆಯ ವಾಸನೆ ಒಂದಕ್ಕೊಂದು ಬೆರೆತು ಬೆಚ್ಚಗೆ ಕೂತಿರುತ್ತಿತ್ತು. ಬಿದಿರಿನ ತಟ್ಟೆಗಳಲ್ಲಿ ಹುಳ ಮೇಯುವ ಸದ್ದು ಯಾರೋ ಕಾಗದ ಮುದುರುತ್ತಾ ಕೂತ ಹಾಗೆ ಕೇಳುತ್ತಿತ್ತು. ಆ ಬಾಗಿಲಿಗೆ ಕಟ್ಟುಪಾಡು ಬಹಳ. ಬೀಡಿ ಸೇದಿದವರು ಕೈ ತೊಳೆಯದೆ ಹೋಗಬಾರದು. ಸಾವಿನ ಮನೆಗೆ ಹೋಗಿ ಬಂದವರು ಹೋಗಬಾರದು. ಹೊರಗಾದ ಹೆಂಗಸು, ಎಂದರೆ ತಿಂಗಳ ಮುಟ್ಟಾದವಳು, ಆ ಕಡೆ ನೆರಳನ್ನೂ ಬೀಳಿಸಬಾರದು. ಗದ್ದೆಗೆ ಹೊಡೆಯುವ ಔಷಧಿಯಂತೂ ಅಂಗಳಕ್ಕೇ ಬರುವಂತಿರಲಿಲ್ಲ. ಅಪ್ಪ ಅದನ್ನು ಹಿಂದಿನ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿರುತ್ತಿದ್ದ. ಔಷಧಿ ಯಾಕೆ ಕೂಡದು, ಹೆಂಗಸು ಯಾಕೆ ಕೂಡದು ಎಂದು ನಾವು ಬೇರೆ ಬೇರೆಯಾಗಿ ಕೇಳಿಕೊಂಡವರಲ್ಲ. ಎರಡೂ ಹುಳವನ್ನು ಕೊಲ್ಲುತ್ತವೆ ಎಂದು ಒಂದೇ ಉಸಿರಿನಲ್ಲಿ ಕಲಿತಿದ್ದೆವು.

ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ ಮಂಜುಳ ಹತ್ತನೇ ಕ್ಲಾಸು, ನಾನು ಐದನೆಯದು. ಅಕ್ಕನಿಗೆ ಕೈಗುಣ ಇದೆ ಎಂದು ಊರಿಗೆಲ್ಲ ಗೊತ್ತಿತ್ತು. ಅವಳು ಹಾಕಿದ ಸೋರೆ ಬೀಜ ಹುಸಿ ಹೋಗುತ್ತಿರಲಿಲ್ಲ, ಅವಳು ಕಾವಿಗೆ ಕೂರಿಸಿದ ಕೋಳಿ ಮೊಟ್ಟೆ ಕೊಳೆಯುತ್ತಿರಲಿಲ್ಲ. ಹುಳ ಜ್ವರದಿಂದ ಎದ್ದ ಬೆಳಗ್ಗೆ ಅಪ್ಪ ಕೂಗುತ್ತಿದ್ದ: “ಮಂಜಿ ಎಲ್ಲವ್ಳೆ, ಕರೀರಿ. ಮೊದಲ್ನೇ ಸೊಪ್ಪು ಅವಳ ಕೈಲೇ ಬೀಳ್ಲಿ.” ಅಕ್ಕ ತಲೆ ಒರೆಸಿಕೊಳ್ಳುತ್ತಾ ಬಂದು, ಹಸುಗೂಸಿಗೆ ಬಟ್ಟೆ ಹೊದಿಸುವ ಹಾಗೆ ತಟ್ಟೆಯ ಮೇಲೆ ಸೊಪ್ಪು ಉದುರಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಕರೆಯುತ್ತಿದ್ದುದು ಹಿಕ್ಕೆ ಬಳಿಯುವುದಕ್ಕೆ.

ಆ ವರ್ಷ ಚಳಿಗಾಲದಲ್ಲಿ ಅಕ್ಕ ಬಸರಾಳಿನ ಅತ್ತೆಯ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಹಿಡಿ ಕಡ್ಡಿ ತಂದಳು. ಟೇಬಲ್ ರೋಸು. ನಿಮ್ಮಲ್ಲಿ ಬಹಳ ಜನ ಅದನ್ನು ಬೆಳೆಸಿರುತ್ತೀರಿ. ಬೆರಳುದ್ದದ ಮೆತ್ತನೆ ಕೆಂಪು ಕಡ್ಡಿ, ಜೀರಿಗೆ ಊದಿಕೊಂಡ ಹಾಗೆ ಎಲೆ. ನೆಟ್ಟರೆ ಮೇಲಕ್ಕೆ ಬೆಳೆಯುವುದಿಲ್ಲ, ಚಾಪೆ ಬಿಚ್ಚಿದ ಹಾಗೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಒಂದು ಸಲ ಹಿಡಿದುಕೊಂಡರೆ ಕಡ್ಡಿಯ ತುಂಡು ಬಿದ್ದಲ್ಲೆಲ್ಲ ಬೇರು ಬಿಟ್ಟು ಚಿಗುರುತ್ತದೆ. ಅಕ್ಕ ಹುಳದ ಮನೆಯ ಗೋಡೆಯುದ್ದಕ್ಕೂ ನೆಲ ಕೆದಕಿ, ಕಾಲುವೆಯ ಮರಳು, ಒಣಗಿದ ಹಿಕ್ಕೆ ಬೆರೆಸಿ ಪಾತಿ ಮಾಡಿದಳು. ಕಡ್ಡಿಗಳನ್ನು ಒಂದು ದಿನ ನೆರಳಲ್ಲಿ ಬಾಡಲು ಬಿಟ್ಟು ಆಮೇಲೆ ನೆಟ್ಟಳು. ಹಸಿ ಗಾಯದಲ್ಲಿ ನೆಟ್ಟರೆ ಕೊಳೆಯುತ್ತದಂತೆ.

ನನಗೂ ಅದೇ ಬಟ್ಟೆಯಿಂದ ಅರ್ಧದಷ್ಟು ಕಡ್ಡಿಗಳನ್ನು ಕೊಟ್ಟಳು. ನಾನು ಬಚ್ಚಲ ಹತ್ತಿರ ನೆಟ್ಟು ಬೆಳಗ್ಗೆ ಸಂಜೆ ಚೆಂಬುಗಟ್ಟಲೆ ನೀರು ಹೊಯ್ದೆ. ಬೇರು ಬಂತೋ ಇಲ್ಲವೋ ಎಂದು ದಿನವೂ ಕಿತ್ತು ನೋಡಿ ಮತ್ತೆ ಹೂಳಿದೆ.

“ನೀರ ಕುಡ್ಸಿ ಕುಡ್ಸೇ ಸಾಯಿಸ್ತೀಯ ಕಣೆ ನೀನು,” ಎಂದಳು ಅಕ್ಕ. “ಇದ್ಕೆ ಬಿಸ್ಲೇ ಅನ್ನ. ಮಣ್ಣು ಒಣಗ್ದಾಗ ಚೂರು ಚಿಮುಕ್ಸು, ಸಾಕು.”

“ನಿನ್ ಪಾತಿಗೆ ಮಾತ್ರ ಏನೋ ಆಕ್ತೀಯ. ನಂಗೊತ್ತು.”

“ಊ ಕಣಮ್ಮಿ, ಮಂತ್ರ ಆಕ್ತೀನಿ. ಬಾ, ನಿಂಗೂ ಆಕ್ತೀನಿ,” ಎಂದು ನನ್ನ ತಲೆಯ ಮೇಲೆ ನೀರು ಚಿಮುಕಿಸಿ ನಕ್ಕಳು.

ನನ್ನ ಕಡ್ಡಿಗಳು ಕೊಳೆತು ಲೋಳೆಯಾದವು. ಅವಳ ಪಾತಿ ಶಿವರಾತ್ರಿ ಕಳೆಯುವ ಹೊತ್ತಿಗೆ ಗೋಡೆ ಬುಡ ತುಂಬಿಕೊಂಡು, ನಾವು ಕುಂಟೆಬಿಲ್ಲೆ ಆಡುತ್ತಿದ್ದ ಮನೆಗಳ ಗೀಟಿನ ತನಕ ಹರಿಯಿತು. ಮೊದಲು ರಾಣಿ ಬಣ್ಣದ್ದು ಅರಳಿತು, ಆಮೇಲೆ ಹಳದಿ, ಬಿಳಿ, ಕಿತ್ತಳೆ. ಬಿಸಿಲು ಏರಿದ ಹಾಗೆ ಬಿಚ್ಚಿಕೊಂಡು, ಮಧ್ಯಾಹ್ನ ಇಳಿಯುವಷ್ಟರಲ್ಲಿ ಮುದುರಿಕೊಳ್ಳುತ್ತಿತ್ತು. ಊರ ಹುಡುಗಿಯರು ಕಡ್ಡಿಗೆ ಸಾಲುಗಟ್ಟಿದರು. ಅಕ್ಕ ಯಾರಿಗೂ ಇಲ್ಲ ಅನ್ನಲಿಲ್ಲ. ಸ್ಕೂಲಿಗೆ ಹೋಗುವಾಗ ರಾಣಿ ಬಣ್ಣದ ಒಂದು ಹೂವನ್ನು ನನ್ನ ಜಡೆಗೆ ಸಿಕ್ಕಿಸುತ್ತಿದ್ದಳು. ನಾನು ತಿರುವಿನಲ್ಲಿ ಅದನ್ನು ಕಿತ್ತು ಬಿಸಾಕುತ್ತಿದ್ದೆ.

ಯುಗಾದಿ ಹತ್ತಿರ ಬಂದಿತ್ತು. ಹುಳ ನಾಲ್ಕನೇ ಜ್ವರದಿಂದ ಎದ್ದು ಹಗಲು ರಾತ್ರಿ ಮೇಯುತ್ತಿತ್ತು. ಇನ್ನು ಕೆಲವೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳ. ಅಕ್ಕನಿಗೆ ಪರೀಕ್ಷೆಯೂ ಹತ್ತಿರವಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮುದ್ದೆ ಊಟಕ್ಕೆ ಕೂತಿದ್ದೆವು. ಹುರುಳಿಕಾಳಿನ ಬಸ್ಸಾರು. ನಾನು ಅಪ್ಪನನ್ನು ಕೇಳಿದೆ, “ಅಪ್ಪ, ಈ ಸಲ ಉಳ ಅಣ್ಣಾದಾಗ ನಾನೂ ಆಯ್ದು ಬುಡ್ಲಾ?”

ಹಣ್ಣಾದ ಹುಳ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಎಂದರೆ ಬಿದಿರಿನ ತಟ್ಟಿಗೆ, ಬಿಡುವುದು ಕೈಗುಣದವರ ಕೆಲಸ. ಅಪ್ಪ ಮುದ್ದೆ ಮುರಿಯುತ್ತಾ ಅಂದ: “ನೀನಾ? ನಿನ್ ಕೈಲಿ ಪಾಪಾಸ್‌ಕಳ್ಳಿನೂ ಒಣಗೋಯ್ತದೆ ಕಣಮ್ಮಿ.”

ಅವ್ವ ನಕ್ಕಳು. ಅಕ್ಕನೂ ನಕ್ಕಳು, ಬಾಯಲ್ಲಿದ್ದ ಸಾರು ನೆತ್ತಿಗೇರಿ ಕೆಮ್ಮುವಷ್ಟು. ಅಪ್ಪನ ಮಾತಿಗಿಂತ ಆ ಕೆಮ್ಮು ನನ್ನನ್ನು ಸುಟ್ಟಿತು.

ಊಟ ಮುಗಿಸಿ ಅಪ್ಪ ಅವ್ವ ಸೊಪ್ಪು ಕುಯ್ಯಲು ತೋಟಕ್ಕೆ ಹೋದರು. ಅಕ್ಕ ಪುಸ್ತಕ ಹಿಡಿದು ಗೆಳತಿಯ ಮನೆಗೆ ಹೋದಳು. ನಾನು ಕೊಟ್ಟಿಗೆಯ ಅಟ್ಟ ಹತ್ತಿ ಔಷಧಿಯ ಬಾಟಲಿ ಇಳಿಸಿದೆ. ಕೈಗೆ ಹತ್ತಿರ ಸಿಕ್ಕಿದ್ದು ಹುಳದ ಮನೆಯ ಬಾಗಿಲಲ್ಲಿದ್ದ ನೀಲಿ ಬಕೆಟ್ಟು. ಕುಯ್ದು ತಂದ ಸೊಪ್ಪು ಬಾಡದಿರಲೆಂದು ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದೆವು. ಆ ಗೋಣಿ ನೆನೆಸುವ ಬಕೆಟ್ಟು ಅದು. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವಂತಿರಲಿಲ್ಲ. ನನಗೆ ಅದು ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದು ಬರೆದರೆ ನೀವು ನಂಬಬಹುದು. ನೆನಪಾಗಿತ್ತು. ತೊಳೆದಿಟ್ಟರೆ ಆಯಿತು ಅಂದುಕೊಂಡೆ.

ಔಷಧಿ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಯಿತು. ಪಾತಿಯ ಈ ತುದಿಯಿಂದ ಆ ತುದಿಯವರೆಗೆ ಹೊಯ್ದೆ. ಹೂವು ಆಗಲೇ ಮುದುರಿಕೊಂಡಿದ್ದವು, ಅವು ನನ್ನನ್ನು ನೋಡಲಿಲ್ಲ ಎಂದು ಸಮಾಧಾನವಾಯಿತು. ಬಕೆಟ್ಟಿಗೆ ಎರಡು ಚೆಂಬು ನೀರು ಹಾಕಿ ಕುಲುಕಿ ಚೆಲ್ಲಿ, ಇದ್ದಲ್ಲೇ ಇಟ್ಟೆ.

ಸಂಜೆ ಅಕ್ಕ ಮೂಗು ಅರಳಿಸಿ, “ಏನೋ ವಾಸ್ನೆ ಅಲ್ವೇನವ್ವ?” ಎಂದಳು.

“ಗದ್ದೆ ಬಯಲಿಂದ ಗಾಳಿ. ಯಾರೋ ಔಸ್ದಿ ಒಡ್ದವ್ರೆ,” ಎಂದು ಅವ್ವ ನೀಲಿ ಬಕೆಟ್ಟಿನಲ್ಲಿ ಗೋಣಿ ಅದ್ದಿ, ಹಿಂಡಿ, ಸೊಪ್ಪಿನ ರಾಶಿಗೆ ಹೊದಿಸಿದಳು. ನಾನು ಕಂಬ ಹಿಡಿದು ನೋಡುತ್ತಾ ನಿಂತಿದ್ದೆ. ಬಾಯಿ ಬಿಡಬೇಕಾಗಿದ್ದ ಮೊದಲ ಗಳಿಗೆ ಅದು.

ಬೆಳಗ್ಗೆ ಅಕ್ಕ ಎದ್ದವಳೇ ಪಾತಿಯ ಹತ್ತಿರ ಕೂತು ಒಣಗಿದ ಹೂವು ಕಿತ್ತಳು. ಕಡ್ಡಿಗಳು ಸೊರಗಿದ್ದವು. “ಯಾಕೋ ಸಪ್ಪಗವೆ,” ಎಂದು ಅವನ್ನು ಬೆರಳಿನಿಂದ ಸವರಿ, ಕೈ ತೊಳೆದುಕೊಂಡು ಹುಳದ ಮನೆಗೆ ಹೋದಳು. ಎಲ್ಲ ತಟ್ಟೆಗೂ ಸೊಪ್ಪು ಹಾಕಿದಳು. ಹಾಕಿ ಮುಗಿಯುವ ಹೊತ್ತಿಗೆ ಓಡಿ ಹೊರಗೆ ಬಂದು ಅವ್ವನ ಕಿವಿಯಲ್ಲಿ ಏನೋ ಹೇಳಿದಳು. ಅವಳು ಹೊರಗಾಗಿದ್ದಳು. ದಿನಕ್ಕೆ ಮುಂಚೆಯೇ ಆಗಿತ್ತು. ಅವ್ವ ಹಣೆ ಚಚ್ಚಿಕೊಂಡು, “ನಿಮ್ಮಪ್ಪಂಗೆ ಏಳ್ಬೇಡ. ನಡಿ, ತಲೆಮೇಲೆ ನೀರಾಕೋ,” ಎಂದು ಹಿಂದಕ್ಕೆ ಕಳಿಸಿದಳು. ಅಕ್ಕ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಪುಸ್ತಕ ಹಿಡಿದು ಕೂತಳು.

ಮಧ್ಯಾಹ್ನದೊಳಗೆ ಹುಳಗಳು ತಲೆ ಎತ್ತಿ ಅತ್ತ ಇತ್ತ ಒಗೆಯತೊಡಗಿದವು. ಬಾಯಿಂದ ಹಸಿರು ನೀರು ಕಾರಿದವು. ಬೆರಳು ಗಾತ್ರದ ಹುಳ ಅರ್ಧಕ್ಕೆ ಕುಗ್ಗಿ, ತಟ್ಟೆಯ ಅಂಚಿಗೆ ಹರಿದು, ನೆಲಕ್ಕೆ ಉದುರಿದವು. ಮೇಯುವ ಸದ್ದು ನಿಂತುಹೋಯಿತು. ಅಪ್ಪ ತಟ್ಟೆಯಿಂದ ತಟ್ಟೆಗೆ ಓಡಾಡಿದ. ಪಕ್ಕದ ಮನೆಯವರು ಬಂದು ನೋಡಿ, “ಔಸ್ದಿ ಸೋಕಿದಂಗದೆ ಕಣಣ್ಣ. ಗಾಳಿಲಿ ಬಂತೇನೋ,” ಎಂದರು. “ಗಾಳಿಲಿ ಬಂದಿದ್ರೆ ನಿಮ್ ಉಳ ಯಾಕೆ ಚೆನ್ನಾಗವೆ?” ಎಂದ ಅಪ್ಪ.

ಅಪ್ಪ ಅಂಗಳಕ್ಕೆ ಬಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತ.

“ಬಾಗ್ಯ, ಔಸ್ದಿ ಏನಾದ್ರೂ ಮುಟ್ಟಿದ್ದೇನವ್ವ? ಬೈಯಲ್ಲ, ಏಳು.”

ಅಷ್ಟು ಮೆತ್ತಗೆ ಅವನು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಇಲ್ಲ ಅಂದರೆ ಸಾಕಾಗಿತ್ತು. ಸುಮ್ಮನಿದ್ದರೂ ನಡೆಯುತ್ತಿತ್ತು. ಅವನು ಕೇಳದೆ ಇದ್ದದ್ದನ್ನು ನಾನು ಹೇಳಿದೆ.

“ನಾನಲ್ಲಪ್ಪ. ಅಕ್ಕ ಒರಗಾಗವ್ಳೆ. ಸೊಪ್ಪು ಆಕಿದ್ದು ಅವಳೇ.”

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಅಪ್ಪ ಅಕ್ಕನನ್ನು ಕೂಗಿದ. ಅಕ್ಕ ಬಂದು ದೂರದಲ್ಲೇ ನಿಂತಳು. “ಗೊತ್ತಾಗ್ಲಿಲ್ಲ ಕಣಪ್ಪ. ಗೊತ್ತಾದ ತಕ್ಷಣ ಈಚೆಗೆ ಬಂದ್ಬುಟ್ಟೆ,” ಎಂದಳು. ಆಗ ಅಪ್ಪನ ಕಣ್ಣು ಪಾತಿಯ ಮೇಲೆ ಬಿತ್ತು. ಬಿಸಿಲು ನೆತ್ತಿಯ ಮೇಲಿದ್ದರೂ ಒಂದು ಹೂವೂ ಬಿಚ್ಚಿರಲಿಲ್ಲ. ಕಡ್ಡಿಗಳು ಬೆಂದ ಸೊಪ್ಪಿನ ಹಾಗೆ ಕಂದಾಗಿ ನೆಲಕ್ಕೆ ಅಂಟಿದ್ದವು.

“ಇದ್ನೂ ಮುಟ್ಟಿದ್ದಾ?”

“ಊಂ.”

ಮುಟ್ಟಾದವಳು ಮುಟ್ಟಿದ ಗಿಡ ಬಾಡುತ್ತದೆ ಎಂದು ನಮ್ಮಲ್ಲಿ ಹೇಳದವರೇ ಇಲ್ಲ. ಹುಳ ಸತ್ತದ್ದಕ್ಕೆ ಹೂವು ಸಾಕ್ಷಿಯಾಯಿತು, ಹೂವು ಸತ್ತದ್ದಕ್ಕೆ ಹುಳ ಸಾಕ್ಷಿಯಾಯಿತು. ಇಷ್ಟು ಚೆನ್ನಾಗಿ ಕೂಡಿಬರಲೆಂದು ನಾನು ಯೋಚಿಸಿ ಮಾಡಿದ್ದಲ್ಲ. ಆದರೆ ಕೂಡಿಬಂದಾಗ ಎದೆಯೊಳಗೆ ಹಗುರವಾಯಿತು. ಅದನ್ನು ಮರೆಯಲು ಆಗಿಲ್ಲ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಕ್ಕ ಅತ್ತು ಮರೆಯುತ್ತಿದ್ದಳು. ಗುದ್ದಲಿ ತಂದು ಪಾತಿಯನ್ನು ಒಂದು ಬದಿಯಿಂದ ಅಗೆದುಹಾಕಿದ. ಆಮೇಲೆ ಕುಕ್ಕೆಯನ್ನು ಅವಳ ಕಾಲ ಹತ್ತಿರ ಎಸೆದ.

“ಓಗು. ಎಲ್ಲ ತಟ್ಟೆದೂ ನೀನೇ ಬಾಚ್ಕಂಡು ಬಂದು ಇಲ್ಲೇ ಊತಾಕು.”

“ನಾನು ಒಳೀಕೆ ಎಂಗಪ್ಪ ಓಗ್ಲಿ…”

“ಸತ್ತುಳಕ್ಕೆ ಎಂತ ಮೈಲಿಗೆ? ಕೊಂದಿದ್ದು ಆಯ್ತಲ್ಲ, ಎತ್ತು.”

ಅಕ್ಕ ಎರಡೂ ಕೈಯಲ್ಲಿ ಬಾಚಿ ತುಂಬಿಕೊಂಡು ತಂದು ತಾನೇ ಮಾಡಿದ ಪಾತಿಯಲ್ಲಿ ಹೂತಳು. ಕೆಲವು ಇನ್ನೂ ಅಲ್ಲಾಡುತ್ತಿದ್ದವು. ಮಣ್ಣು ಎಳೆಯುವಾಗ ಅವಳು ಅವುಗಳಿಗೆ ಏನೋ ಹೇಳುತ್ತಿದ್ದಳು. ಹತ್ತಿರ ಹೋಗಿ ಕೇಳಿದೆ. “ತಪ್ಪಾಯ್ತು ಕಣ್ರಪ್ಪ, ತಪ್ಪಾಯ್ತು,” ಅನ್ನುತ್ತಿದ್ದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅಕ್ಕ ಪರೀಕ್ಷೆ ಬರೆದಳು, ಪಾಸಾಗಲಿಲ್ಲ. ಮತ್ತೆ ಕಟ್ಟು ಅನ್ನುವವರು ಯಾರೂ ಇರಲಿಲ್ಲ. ಹುಳದ ಮನೆಯ ಬಾಗಿಲೊಳಕ್ಕೆ ಅವಳನ್ನು ಆಮೇಲೆ ಯಾವ ದಿನವೂ ಬಿಡಲಿಲ್ಲ. ಅವಳೂ ಕೇಳಲಿಲ್ಲ. ಹುಳ ಸಾಕುವ ಮನೆಯಿಂದ ಒಳ್ಳೆಯ ಸಂಬಂಧ ಬಂದರೆ ಅಪ್ಪನೇ ಬೇಡ ಅಂದ: “ಇವಳು ಓಗಿ ಅವ್ರ ಮನೇನೂ ತೊಳೀತಾಳೆ.” ಕೊನೆಗೆ ಮಳವಳ್ಳಿಯ ಆಚೆ, ಹುಳವನ್ನೇ ಕಾಣದ ಊರಿನಲ್ಲಿ, ಅವಳಿಗಿಂತ ಬಹಳ ದೊಡ್ಡವನಿಗೆ ಕೊಟ್ಟರು.

ಹುಳದ ಮನೆಗೆ ಕೈ ಬೇಕಲ್ಲ, ಏಳನೇ ಕ್ಲಾಸಿಗೆ ನನ್ನ ಸ್ಕೂಲು ಬಿಡಿಸಿದರು. ನಾನು ದೊಡ್ಡವಳಾದ ಮೇಲೆ ಒಂದು ತಿಂಗಳು ಹೊರಗಾದದ್ದನ್ನು ಯಾರಿಗೂ ಹೇಳದೆ ಒಳಗೆ ಹೋಗಿ ಸೊಪ್ಪು ಹಾಕಿದೆ. ಹುಳಕ್ಕೆ ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಆಮೇಲೆ ಎಷ್ಟೋ ತಿಂಗಳು ಹಾಗೇ ಹೋದೆ. ಆ ಬೆಳೆಗಳ ಗೂಡು ಗಟ್ಟಿಯಾಗಿ ಬಂದವು. ಅಪ್ಪ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ನಿಂದೇ ಕಣವ್ವ ಕೈಗುಣ,” ಅಂದ. ಜಗಲಿಯ ಮೇಲೆ, ಚಾಪೆಯಲ್ಲಿ, ತಟ್ಟೆ ಬೇರೆ ಲೋಟ ಬೇರೆ ಇಟ್ಟುಕೊಂಡು ಅಕ್ಕ ಕೂತಿದ್ದಳು. ಅವಳ ಮದುವೆ ಇನ್ನೂ ಆಗಿರಲಿಲ್ಲ. ಅವಳಿಗೆ ಆ ಮಾತು ಕೇಳಿಸಿತು. ನನ್ನನ್ನು ನೋಡಿ ಸಂತೋಷಪಟ್ಟಳು.

ಅಪ್ಪ ತೀರಿಕೊಂಡು ಕೆಲವು ವರ್ಷವಾಯಿತು. ಅವ್ವ ಅದಕ್ಕೂ ಮುಂಚೆ ಹೋದಳು. ನಾನು ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಈ ಯುಗಾದಿ ಕಳೆದ ವಾರ ರಜ ಹಾಕಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ನಡುಮನೆಯಲ್ಲಿ ಕೂತು ದಂಟಿನ ಸೊಪ್ಪು ಸೋಸುತ್ತಿದ್ದಳು. ಅವಳ ಅಂಗಳದಲ್ಲಿ ತುಳಸಿಯೂ ಇಲ್ಲ. ಹಿತ್ತಲಲ್ಲಿದ್ದ ಎರಡು ಮೆಣಸಿನ ಗಿಡ ಭಾವ ನೆಟ್ಟದ್ದು, ನೀರು ಹಾಕುವುದೂ ಭಾವನೇ. ಹಿಂದಿನ ಜಗಲಿಯಲ್ಲಿ ಅವಳ ಮಗಳು ಕಾವ್ಯ, ಕಾಲೇಜಿಗೆ ಹೋಗುವ ಹುಡುಗಿ, ಚಾಪೆಯ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ.

“ಈಗ್ಲೂ ಇದೇನಕ್ಕ? ಯಾರ ಮನೇಲಿ ಮಾಡ್ತಾರೆ ಇದ್ನೆಲ್ಲ?”

“ಯಾರಾದ್ರೂ ಮಾಡ್ಲಿ, ಬುಡ್ಲಿ. ನಾನು ಕಣ್ಣಾರೆ ಕಂಡಿವ್ನಿ ಕಣೆ,” ಎಂದಳು ಅಕ್ಕ. “ಅಪ್ಪನ ಒಂದ್ ಬೆಳೆ ಉಳ ಈ ಕೈಲೇ ಸತ್ತೋಯ್ತು. ನನ್ ರಕ್ತ ತಾನೆ ಇವಳ್ದೂ. ನಾಳೆ ಇವಳಿಂದ ಇನ್ನೊಂದ್ ಮನೆ ಆಳಾಗ್ಬಾರ್ದು.”

ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಬಾಟಲಿ, ನೀಲಿ ಬಕೆಟ್ಟು, ಗೋಣಿ, ಅಪ್ಪ ಕೇಳಿದ್ದು, ನಾನು ಹೇಳಿದ್ದು. ಹೊರಗಾದಾಗಲೂ ನಾನು ಹುಳ ಮೇಯಿಸಿದ್ದು. ಒಂದನ್ನೂ ಬಿಡಲಿಲ್ಲ. ಅಕ್ಕ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೆ ಸಿಟ್ಟಿನದಲ್ಲ.

“ಚಿಕ್ಕೋಳಿದ್ದಾಗ್ಲಿಂದ್ಲೂ ನೀನು ಇಂಗೇ. ನನ್ನ ಸಂಕಟ ನೋಡಕ್ಕಾಗಲ್ಲ ನಿಂಗೆ. ಅದಕ್ಕೇಂತ ಇಲ್ದೇ ಇರೋ ಪಾಪವ ಮೈಮೇಲೆ ಆಕೋಬೇಡ ಕಣೆ.”

“ನಿನ್ನಾಣೆಗೂ ನಿಜ ಕಣಕ್ಕ!”

“ಆಣೆ ಇಕ್ಬೇಡ. ಅಂಗಿದ್ದಿದ್ರೆ ಅಪ್ಪ ಇರೋ ಗಂಟ ನೀನು ಬಾಯಿ ಮುಚ್ಕಂಡು ಇರ್ತಿದ್ದಾ? ಅಷ್ಟು ಕೆಟ್ಟೋಳಲ್ಲ ನನ್ ತಂಗಿ.”

ನಮ್ಮ ಹುಳದ ಮನೆಯಲ್ಲಿ ಈಗ ಯಾರೋ ಬೈಕು ನಿಲ್ಲಿಸುತ್ತಾರೆ, ತೋಟ ಕಬ್ಬಾಗಿದೆ. ಆ ಹಸಿ ಸೊಪ್ಪಿನ ವಾಸನೆ ಊರಿನಲ್ಲಿ ಎಲ್ಲೂ ಇಲ್ಲ. ನಿಮ್ಮೂರುಗಳಲ್ಲೂ ಇಂಥವು ಹೋಗಿರುತ್ತವೆ. ಅವಕ್ಕೆಲ್ಲ ನಾನು ಅಷ್ಟು ಮರುಗುವುದಿಲ್ಲ. ಅಂಗಳದಲ್ಲಿ ಅಪ್ಪ ಕೂತು ಕೇಳಿದಾಗ ನನ್ನ ಒಂದು ಮಾತಿಗೆ ಅಕ್ಕನನ್ನು ಉಳಿಸುವ ಬಲ ಇತ್ತು. ಇಷ್ಟು ವರ್ಷ ಇಟ್ಟುಕೊಂಡು ಈಗ ತೆಗೆದರೆ ಅದರಲ್ಲಿ ಏನೂ ಇಲ್ಲ. ಅಪ್ಪನಿಗೆ ಕೇಳಿಸುವುದಿಲ್ಲ, ಅಕ್ಕ ನಂಬುವುದಿಲ್ಲ.

ಅಕ್ಕ ಊಟಕ್ಕೆ ಬಡಿಸಿದಳು. ನಾನು ನನ್ನ ತಟ್ಟೆ ಎತ್ತಿಕೊಂಡು ಹಿಂದಿನ ಜಗಲಿಗೆ ಹೋಗಿ ಕಾವ್ಯಳ ಚಾಪೆಯ ಮೇಲೆ ಕೂರಲು ಹೋದೆ. ಅವಳು ಗಾಬರಿಯಿಂದ ಗೋಡೆಗೆ ಸರಿದು, ಕಾಲು ಮುದುರಿಕೊಂಡಳು.

“ಬ್ಯಾಡ ಚಿಕ್ಕಿ, ಒಳೀಕೋಗು,” ಎಂದಳು. “ನನ್ನಿಂದ ನಿಂಗೇನಾರ ಆದಾತು.”